ಪೂವಮ್ಮ ಒಪ್ಪಲಿಲ್ಲ

"ಮೊದಲನೆಯ ಹೆರಿಗೆ ಆಪರೇಷನ್ ಆದರೆ ಎರಡನೆಯದೂ ಆಪರೇಷನ್ನೇ. ಅದರಲ್ಲಿ ಚರ್ಚೆ ಇಲ್ಲ" ಎಂದರು ಡಾಕ್ಟರ್ ಸುಬ್ಬಯ್ಯ. ಮೂಡುಬಿದಿರೆಯ ಆ ಸಣ್ಣ ಆಸ್ಪತ್ರೆ ಅವರದ್ದೇ.

ಎದುರಿಗೆ ಕೂತಿದ್ದ ಪೂವಮ್ಮ ತುಂಬು ಬಸುರಿ, ಕಕ್ಕಿಂಜೆಯವಳು. ಮೊದಲ ಮಗು ಹೊಟ್ಟೆಯಲ್ಲಿ ಅಡ್ಡ ಇದ್ದುದರಿಂದ ಮಂಗಳೂರಿನಲ್ಲಿ ಹೊಟ್ಟೆ ಕೊಯ್ದಿದ್ದರು. ಗಾಯ ಕೀವಾಗಿ, ಜ್ವರ ಬಂದು, ಹಾಲು ಬತ್ತಿತು. ಮಗಳು ಅತ್ತಿಗೆಯ ಮಡಿಲಲ್ಲಿ ಬೆಳೆಯುವುದನ್ನು ಅವಳು ಮಲಗಿಕೊಂಡೇ ನೋಡಿದ್ದಳು. ಆ ಮಗು ಈಗಲೂ ನಿದ್ದೆ ಬಂದರೆ ಅತ್ತಿಗೆಯನ್ನೇ ಹುಡುಕುತ್ತದೆ.

"ಈ ಮಗು ಹೇಗೆ ಉಂಟು ಡಾಕ್ಟ್ರೆ?"

"ತಲೆ ಕೆಳಗೆ ಉಂಟು."

"ಮತ್ತೆ ಯಾಕೆ ಕೊಯ್ಯುವುದು?"

ಸುಬ್ಬಯ್ಯನವರು ಉತ್ತರವನ್ನು ಅವಳ ಗಂಡ ತುಕ್ರಪ್ಪನಿಗೆ ಕೊಟ್ಟರು. "ಹೆರುವಾಗ ಒಳಗಿನ ಹಳೇ ಹೊಲಿಗೆ ಬಿಟ್ಟರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಸ್ವಲ್ಪ ಬುದ್ಧಿ ಹೇಳಿ ಮಾರಾಯ್ರೆ."

"ಡಾಕ್ಟ್ರು ಹೇಳಿದ ಹಾಗೆ ಮಾಡುವ" ಎಂದ ತುಕ್ರಪ್ಪ, ಹೆದರಿ.

"ಹೊಟ್ಟೆ ನನ್ನದು. ನನ್ನ ಹತ್ತಿರ ಮಾತಾಡಿ" ಎಂದಳು ಪೂವಮ್ಮ. "ಹೊಲಿಗೆ ಬಿಟ್ಟೇ ಬಿಡುತ್ತದೆ ಅಂತ ಉಂಟಾ?"

ಪಕ್ಕದಲ್ಲಿ ಕಿರಿಯ ಡಾಕ್ಟರ್ ಕಾಂತಿ ಕೂತಿದ್ದಳು. ಒಮ್ಮೆ ಆಪರೇಷನ್ ಆದವರು ಕೊಯ್ಯದೇ ಹೆರುವುದನ್ನು ಮದ್ರಾಸಿನಲ್ಲಿ ಕಲಿಯುವಾಗ ನೋಡಿದ್ದಳು. ಹಿರಿಯರೆದುರು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

"ಎಲ್ಲರಿಗೂ ಬಿಡುವುದಿಲ್ಲ" ಎಂದಳು. "ಕೆಲವರಿಗೆ ಬಿಡುತ್ತದೆ. ಬಿಟ್ಟರೆ ಜೀವಕ್ಕೇ ಅಪಾಯ, ಅದನ್ನು ಮುಚ್ಚಿಡುವುದಿಲ್ಲ."

"ಹಾಗಾದರೆ ನಾನು ಮನೆಯಲ್ಲಿ ಹೆರುವುದಿಲ್ಲ. ನಿಮ್ಮ ಕಣ್ಣೆದುರೇ ಇರ್ತೇನೆ. ಕೆಡುತ್ತದೆ ಅಂತ ಕಂಡರೆ ಕೊಯ್ಯಿರಿ. ಇಲ್ಲದಿದ್ದರೆ ಬೇಡ."

ಪೂವಮ್ಮ ಊರಿಗೆ ಹೋಗದೆ ಹತ್ತಿರದ ಮಿಜಾರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದಳು. ಒಂದು ಬೆಳಿಗ್ಗೆ ನೋವು ಶುರುವಾದದ್ದೇ ಬಾಡಿಗೆ ಕಾರು ಹಿಡಿದು ಬಂದಳು. ಕಾಂತಿ ಆಪರೇಷನ್ ಕೋಣೆಯನ್ನು ಸಜ್ಜು ಮಾಡಿಸಿ, ಮಂಚದ ಪಕ್ಕವೇ ಕೂತಳು.

ಮಧ್ಯಾಹ್ನ ಸುಬ್ಬಯ್ಯನವರು ಬಂದರು. "ಸಾಕು ಈ ಹಟ. ಆಪರೇಷನ್ನಿಗೆ ಕರಕೊಂಡು ಬನ್ನಿ."

ಪೂವಮ್ಮ ಮಂಚದ ಸರಳು ಬಿಗಿಹಿಡಿದು ಕಾಂತಿಯನ್ನು ಕೇಳಿದಳು, "ಮಗುವಿನ ಎದೆಬಡಿತ?"

"ಸರಿ ಉಂಟು. ನಿನ್ನ ನಾಡಿಯೂ ಸರಿ ಉಂಟು. ಹೆರಿಗೆಯೂ ಸರಿಯಾಗಿ ಮುಂದುವರೀತಾ ಉಂಟು."

"ಹಾಗಾದರೆ ನಾನು ಏಳುವುದಿಲ್ಲ."

ಸುಬ್ಬಯ್ಯನವರು ಕಾಂತಿಯತ್ತ ತಿರುಗಿದರು. "ಏನಾದರೂ ಆದರೆ ಜನರಿಗೆ ಉತ್ತರ ಕೊಡಬೇಕಾದವನು ನಾನು."

"ಹೆದರಿಕೆ ನನಗೂ ಉಂಟು ಸರ್. ಆದರೆ ನಮ್ಮ ಹೆದರಿಕೆಗೋಸ್ಕರ ಅವಳನ್ನು ಕೊಯ್ಯಲಾರೆ."

"ಹಾಗಾದರೆ ನಾಳೆಯಿಂದ ಬೇರೆ ಜಾಗ ನೋಡಿಕೊಳ್ಳಿ."

ಸುಬ್ಬಯ್ಯನವರು ಬಾಗಿಲನ್ನು ದಡಕ್ಕನೆ ಹಾಕಿ ಹೋದರು. ಆದರೆ ಮನೆಗೆ ಹೋಗಲಿಲ್ಲ. ಅಂಗಿಯ ತೋಳು ಮಡಚಿ ಹೊರಗೇ ನಿಂತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಗಂಡುಮಗು ಕೂಗಿತು. ಕಾಂತಿ ಅದನ್ನು ಒರೆಸಿ ತಾಯಿಯ ಎದೆಗಿಟ್ಟಳು. ಮಗು ಬಾಯಿ ಹಾಕಿದಾಗ, ಅಷ್ಟು ಹೊತ್ತು ಅಳದ ಪೂವಮ್ಮ ಜೋರಾಗಿ ಅತ್ತಳು.

"ಅದೃಷ್ಟ, ಅಷ್ಟೇ" ಎಂದರು ಸುಬ್ಬಯ್ಯ.

"ಇರಬಹುದು ಡಾಕ್ಟ್ರೆ" ಎಂದಳು ಪೂವಮ್ಮ. "ಆ ಅದೃಷ್ಟ ಉಂಟಾ ಅಂತ ನೋಡಲಿಕ್ಕೂ ನೀವು ಬಿಡುತ್ತಿರಲಿಲ್ಲ."

ಮರುದಿನ ಕಾಂತಿ ಎಂದಿನ ಕುರ್ಚಿಯಲ್ಲೇ ಬಂದು ಕೂತಳು. ಸುಬ್ಬಯ್ಯನವರು ಏಳಿ ಎನ್ನಲಿಲ್ಲ.

ಪೂವಮ್ಮನ ಪಕ್ಕದ ಮಂಚದಲ್ಲಿ ಬಂಟ್ವಾಳದ ಜುಲೈಕಾ ಆಪರೇಷನ್ನಿನಲ್ಲಿ ಹೆತ್ತು, ಹೊಸ ಹೊಲಿಗೆಯ ನೋವಿನಲ್ಲಿ ಮಲಗಿದ್ದಳು. ಇನ್ನು ಮುಂದೆಯೂ ಆಪರೇಷನ್ನೇ ಅಂತ ಹೇಳಿದ್ದಾರೆ ಎಂದಳು.

"ಯಾಕೆ ಕೊಯ್ದರು ಅಂತ ಕೇಳಿದೆಯಾ?"

"ನಾವು ಕೇಳುವುದಾ ಅಕ್ಕಾ?"

"ಮತ್ತೆ ಯಾರು ಕೇಳಬೇಕು? ಡಾಕ್ಟ್ರು ಈಗ ಬರ್ತಾರೆ" ಎನ್ನುತ್ತಾ ಪೂವಮ್ಮ ಮಗುವನ್ನೆತ್ತಿಕೊಂಡು ಅವಳ ಮಂಚಕ್ಕೆ ಬಂದು ಕೂತಳು. "ಕೇಳು. ನಾನು ಇಲ್ಲೇ ಇರ್ತೇನೆ."