ಪಾಳಿ ಪಟ್ಟಿ ತಿದ್ದುವ ಅಧಿಕಾರ

“ಕುರ್ಚಿ ಬುಟ್ಟು ಏಳಮ್ಮಿ. ನಿಮ್ಮವ್ವ ನಮ್ಮ ಕೊಟ್ಗ ಗುಡಿಸುವಾಗ ಕೂತ್ಗಂಡೇ ಗುಡಿಸ್ತಳ?”

ಕೆಂಪುಗುಡ್ಡೆ ರೈತ ಸಂಘದ ಅಧ್ಯಕ್ಷ ವೃಷಭೇಂದ್ರ ಬಾಗಿಲಲ್ಲೇ ನಿಂತು ಕೇಳಿದ. ಸಂಗೀತ ಎದ್ದಳು. ಅವನು ಹೇಳಿದ ಕಾಗದವನ್ನೆಲ್ಲ ನಿಂತುಕೊಂಡೇ ಟೈಪ್ ಮಾಡಿದಳು. ಸತ್ಯಮಂಗಲದಲ್ಲಿ ಡಿಪ್ಲೊಮಾ ಓದಿ ಬಂದ ಅವಳನ್ನು ಬಿಟ್ಟರೆ ಸಂಘದ ಕಂಪ್ಯೂಟರನ್ನು ನೆಟ್ಟಗೆ ನಡೆಸಬಲ್ಲವರು ಊರಲ್ಲಿ ಇರಲಿಲ್ಲ. ಇದ್ದಿದ್ದರೆ ಕಾಲೊನಿ ಹುಡುಗಿಗೆ ಆ ಕೆಲಸ ಸಿಗುತ್ತಲೂ ಇರಲಿಲ್ಲ. ಅಂಥವಳು ತನ್ನನ್ನು ಕಾಲೊನಿಯ ಉಳಿದವರಂತೆ ‘ಬುದ್ಧಿ’ ಅನ್ನದೆ ‘ಸಾರ್’ ಅನ್ನುವುದು ವೃಷಭೇಂದ್ರನಿಗೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು.

ಆ ಕಂಪ್ಯೂಟರಿಗೆ ಎಲ್ಲರೂ ಒಂದೇ ಹೆಸರಲ್ಲಿ, ಒಂದೇ ಪಾಸ್‌ವರ್ಡ್ ಒತ್ತಿ ನುಗ್ಗುತ್ತಿದ್ದರು. ಪಾಸ್‌ವರ್ಡ್ ಗೋಡೆಯ ಮೇಲೇ ಬರೆದಿತ್ತು. ಒಳಗಿದ್ದದ್ದು ರಾಗಿ ಒಕ್ಕುವ ಮಿಷನ್ನಿನ ಪಾಳಿ ಪಟ್ಟಿ. ಮಿಷನ್ನು ಅರವತ್ತೆರಡು ಜನ ಸದಸ್ಯರಿಗೂ ಸೇರಿದ್ದು, ಪಾಳಿ ಮಾತ್ರ ವೃಷಭೇಂದ್ರನದು. ಅವನು ಬಂದು ಹೋದ ಮೇಲೆ ಕಾಲೊನಿಯವರ ಹೆಸರುಗಳೆಲ್ಲ ತಳಕ್ಕೆ ಇಳಿದಿರುತ್ತಿದ್ದವು. ಹೋದ ವರ್ಷ ಸಂಗೀತಳ ತಾಯಿ ಚಿಕ್ಕತಾಯಮ್ಮನ ಮೂರನೇ ಪಾಳಿ ನಲವತ್ತಕ್ಕೆ ಹೋಯಿತು. ಅಷ್ಟರಲ್ಲಿ ಮಳೆ ಹಿಡಿದು ಅರ್ಧ ಎಕರೆಯ ಮೆದೆ ಮೊಳಕೆ ಬಂತು. ಚಿಕ್ಕತಾಯಮ್ಮ ಹಸಿರು ಮೊಳಕೆ ಕಿತ್ತು ಮಗಳಿಗೆ ತೋರಿಸಿ ನಕ್ಕಳು. “ರಾಗಿಗೂ ಕಾದು ಕಾದು ಸಾಕಾಗ್ಬುಟ್ಟದ ಕಣಮ್ಮಿ. ತಿರ್ಗ ಒಲಕ್ಕ ಒಂಟದ.”

ಸಂಗೀತಳಿಗೆ ನಗು ಬರಲಿಲ್ಲ.

ಈ ವರ್ಷ ತಪಾಸಣೆಗೆ ಬಂದ ಅಧಿಕಾರಿ ಗೋಡೆ ನೋಡಿ ಗದರಿದರು. ಒಬ್ಬೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇರಬೇಕು. ಯಾರು ನೋಡಬಹುದು, ಯಾರು ತಿದ್ದಬಹುದು ಎಂದು ಠರಾವು ಮಾಡಬೇಕು ಅಂದರು. ವೃಷಭೇಂದ್ರನಿಗೆ ಖುಷಿಯಾಯಿತು. ಅವರವರು ಅವರವರ ಜಾಗದಲ್ಲೇ ಇರಲಿ, ಅದೇ ಸರಿ ಅಂದ. ಸಂಘದ ನಿಯಮ ನೋಡಿಕೊಂಡು ಸಂಗೀತ ಠರಾವು ಬರೆದಳು. ಕಾರ್ಯದರ್ಶಿ ಮಹದೇವಸ್ವಾಮಿ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ವೃಷಭೇಂದ್ರ ಫೋನಿನಲ್ಲಿ ಮಾತಾಡುತ್ತಲೇ ಸಹಿ ಗೀಚಿದ.

ಅರವತ್ತೆರಡು ಹೆಸರನ್ನೂ ಅವಳು ‘ಸದಸ್ಯರು’ ಅನ್ನುವ ಒಂದೇ ಗುಂಪಿಗೆ ಸೇರಿಸಿದಳು. ಆ ಗುಂಪಿನವರು ಪಟ್ಟಿ ನೋಡಬಹುದು, ತಿದ್ದುವಂತಿಲ್ಲ. ತಿದ್ದುವುದು ಸಭೆ ಒಪ್ಪಿದ ಮೇಲೆ, ಅವಳು ಇಲ್ಲವೇ ಕಾರ್ಯದರ್ಶಿ. ವೃಷಭೇಂದ್ರನ ಹೆಸರಿಗೆ ಬಂದಾಗ ಬೆರಳು ಒಂದು ಗಳಿಗೆ ನಿಂತಿತು. ನಿಯಮದ ಪ್ರಕಾರ ಅಧ್ಯಕ್ಷನೂ ಸದಸ್ಯನೇ. ಅಕಾರಾದಿ ಸಾಲಿನಲ್ಲಿ ಅವನು ರಾಚನ ಕೆಳಗೆ, ಶಿವಶಂಕರನ ಮೇಲೆ ಬಂದ. ಜೀವಮಾನದಲ್ಲಿ ಒಮ್ಮೆಯೂ ವೃಷಭೇಂದ್ರನ ಮನೆಯ ಜಗಲಿ ಏರಿರದ ಕಾಲೊನಿಯ ಮುದುಕ ರಾಚ ಆ ಸಾಲನ್ನು ಅವಳಿಂದ ಮೂರು ಸಲ ತೋರಿಸಿಕೊಂಡ.

ಸುಗ್ಗಿಗೆ ಸದಸ್ಯರ ಎದುರೇ ಪಾಳಿಯ ಚೀಟಿ ಎತ್ತಿದರು. ರಾಚನಿಗೆ ಮೊದಲ ಪಾಳಿ, ಚಿಕ್ಕತಾಯಮ್ಮನಿಗೆ ಎರಡನೆಯದು, ವೃಷಭೇಂದ್ರನಿಗೆ ಹದಿನೇಳು. ಮಾರನೆಯ ಬೆಳಿಗ್ಗೆ ಅವನು ಆಫೀಸಿಗೆ ಬಂದ. ಪಟ್ಟಿ ನೋಡಲು ನೆರೆದಿದ್ದ ಹತ್ತಿಪ್ಪತ್ತು ಜನರನ್ನು ಸರಿಸಿ, ತನ್ನ ಹೆಸರನ್ನು ಮೇಲಕ್ಕೆ ಎಳೆಯಲು ನೋಡಿದ. ಹೆಸರು ಅಲುಗಲಿಲ್ಲ. ಇನ್ನೆರಡು ಸಲ ಎಳೆದ.

“ಕಂಪೂಟರ್ ಕೆಟ್ಟದ,” ಅಂದ.

“ಕೆಟ್ಟಿಲ್ಲ ಸಾರ್. ನಿಮ್ಗ ಅನುಮತಿ ಇಲ್ಲ ಅಂತದ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

“ನಂಗ? ಲೌಡಿ, ನಿಮ್ಮಪ್ಪನ್ದ ಈ ಸಂಘ? ತಗಿ ಬೀಗವ.”

ಸಂಗೀತ ಕಡತ ತೆರೆದಳು. ಅವನದೇ ಸಹಿಯಿದ್ದ ಠರಾವನ್ನೂ ಒಂದು ಬಿಳಿ ಹಾಳೆಯನ್ನೂ ಮುಂದಿಟ್ಟಳು. “ಮನ್ವಿ ಬರ್ದು ಕೊಡಿ ಸಾರ್. ಸಭೆ ಮುಂದ ಇಡ್ತೀನಿ.”

ನಾಳೆಯಿಂದ ನಿನಗೆ ಕೆಲಸವಿಲ್ಲ ಅಂದ ವೃಷಭೇಂದ್ರ. ಅದಕ್ಕೂ ಠರಾವು ಬೇಕಾಗುತ್ತದೆ ಎಂದು ಮಹದೇವಸ್ವಾಮಿ ಮೆಲ್ಲಗೆ, ಕಿಟಕಿಯ ಕಡೆ ನೋಡುತ್ತ ಹೇಳಿದರು.

ಹೊರಗೆ ಕಣದಲ್ಲಿ ರಾಚ ಮೊದಲ ಕಂತೆ ಕೊಡುತ್ತಿದ್ದಂತೆ ಮಿಷನ್ನು ಮೊರೆಯಿತು. ರಾಗಿ ತುಂಬಿದ ವೃಷಭೇಂದ್ರನ ಟ್ರ್ಯಾಕ್ಟರು ಎಂದಿನಂತೆ ಎಲ್ಲರಿಗಿಂತ ಮುಂದೆ ಬಂದು ನಿಂತಿತ್ತು. ತಲೆ ಮೇಲೆ ರಾಗಿ ಹೊರೆ ಹೊತ್ತು ಬಂದ ಚಿಕ್ಕತಾಯಮ್ಮ ಅದರ ಬಾನೆಟ್ಟಿನ ಮೇಲೆ ಅಂಗೈಯಿಂದ ಎರಡು ತಟ್ಟು ತಟ್ಟಿ ಡ್ರೈವರಿಗೆ ಹೇಳಿದಳು:

“ಇಂದಕ್ಕ ತಗಳ್ಲಾ. ನಮ್ಮ ಪಾಳಿ ಬತ್ತದ.”