ಅರ್ಧ ಲೀಟರಿನ ಕೊಡಚಾದ್ರಿ

ಮರವಂತೆಯ ಪದ್ದು ಅರ್ಧ ಲೀಟರ್ ಪೆಟ್ರೋಲ್ ಹಾಕಿಸಿಕೊಂಡು ಕೊಡಚಾದ್ರಿಗೆ ಹೋದ, ತುತ್ತತುದಿ ಹತ್ತಿದ, ಸೂರ್ಯನನ್ನು ಕೈಯಾರೆ ಸಮುದ್ರಕ್ಕೆ ಇಳಿಸಿದ, ಕತ್ತಲಾಗುವ ಮೊದಲೇ ಮನೆಗೆ ಬಂದ. ಬಂದು ಬೈಕಿನ ಟ್ಯಾಂಕಿನ ಮುಚ್ಚಳ ತೆಗೆದರೆ ಒಳಗೆ ಇನ್ನೂ ಮುಕ್ಕಾಲು ಲೀಟರ್ ಇತ್ತು.

ನಂಬಿಕೆಯಿಲ್ಲದವರು ಚಂದಯ್ಯನ ಚಾದಂಗಡಿಯಲ್ಲಿ ವಿಚಾರಿಸಬಹುದು. ಅಲ್ಲಿಯೂ ಯಾರೂ ನಂಬಿದವರಿಲ್ಲ. ಆದರೆ ಕಥೆ ಮಾತ್ರ ಎಲ್ಲರಿಗೂ ಬಾಯಿಪಾಠ. ಪದ್ದು ಹೇಳುವಾಗ ಎಲ್ಲಾದರೂ ಚಿರತೆಯನ್ನು ಮರೆತರೆ ಚಂದಯ್ಯನೇ ಚಾ ಸೋಸುವುದನ್ನು ನಿಲ್ಲಿಸಿ, "ಹ್ವಾಯ್, ಚಿರತೆ ಎಲ್ಲ್ ಹೋಯ್ತ್?" ಎಂದು ಕೇಳುತ್ತಾನೆ. ಘಾಟಿಯ ತಿರುವಿನಲ್ಲಿ ಎದುರಾದ ಆ ಚಿರತೆ ಪದ್ದುವಿನ ಬೈಕು ಕಂಡದ್ದೇ ಬದಿಗೆ ಸರಿದು ದಾರಿ ಬಿಟ್ಟಿತ್ತಂತೆ. ನಮ್ಮ ಹೆದ್ದಾರಿಯಲ್ಲಿ ಬಸ್ಸಿನವರೂ ಕೊಡದ ಮರ್ಯಾದೆ ಅದು.

ಒಂದು ಸಲವಲ್ಲ, ಹದಿನೆಂಟು ಸಲ. ಪ್ರತಿ ಸಲವೂ ಒಬ್ಬನೇ. "ಕೊಡಚಾದ್ರಿಗೆ ಗುಂಪು ಕಟ್ಕಂಡ್ ಹೋಪುದಲ್ಲ, ಗುಡ್ಡಕ್ಕೆ ಗಲಾಟೆ ಆತಿಲ್ಲೆ" ಎನ್ನುತ್ತಿದ್ದ. ಪದ್ದು ದೋಣಿಗೆ ಹೋಗುವವ. ಅಲೆಯ ಮೇಲೆ ಎರಡೂ ಕೈ ಬಿಟ್ಟು ನಿಂತು ಬೀಡಿ ಹಚ್ಚಬಲ್ಲ. ಮನೆಯ ಹಂಚು ಸರಿಸುವುದಿದ್ದರೆ ಮಾತ್ರ ಏಣಿ ಹತ್ತುವವಳು ಅವನ ಹೆಂಡತಿ ಶ್ರೀಲತಾ. ಹದಿನೆಂಟು ಸಲ ಕೊಡಚಾದ್ರಿ ಹತ್ತಿದವನನ್ನು ಹಂಚಿಗೆ ಹತ್ತಿಸುವುದು ಗುಡ್ಡಕ್ಕೇ ಅವಮಾನ ಎಂದು ಪದ್ದುವಿನ ವಾದ. ಕೆಳಗೆ ನಿಂತು ಏಣಿ ಹಿಡಿದುಕೊಳ್ಳುತ್ತಿದ್ದ, ಅದೂ ಕಣ್ಣು ಮುಚ್ಚಿ.

ಈ ಹದಿನೆಂಟು ಸಲಕ್ಕೂ ಒಂದು ಕ್ರಮವಿತ್ತು. ಮೊದಲ ಸಲ ಹೋಗಿ ಬಂದ ದಿನ ಪದ್ದು ಹೆಂಡತಿಗೆ ಹೇಳಿದ್ದ, ತುದಿಯಲ್ಲಿ ನಿಂತರೆ ಮರವಂತೆ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ, ಈಚೆ ಹೊಳೆ, ಆಚೆ ಸಮುದ್ರ, ನಡುವೆ ನಮ್ಮ ಮನೆ, ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗ, ಹಗ್ಗದಲ್ಲಿ ನಿನ್ನ ಕೆಂಪು ಸೀರೆ. ಅಂದಿನಿಂದ ಅವನು ಹೋದಾಗಲೆಲ್ಲ ಶ್ರೀಲತಾ ನಾಲ್ಕು ಗಂಟೆಗೆ ಸರಿಯಾಗಿ ಆ ಸೀರೆಯನ್ನು, ಒಣಗಿದ್ದರೂ, ಮತ್ತೆ ಹಗ್ಗಕ್ಕೆ ಹಾಕುತ್ತಿದ್ದಳು. ಹಾಕಿ, ಹೊಳೆಯಾಚೆ ನೀಲಿಯಾಗಿ ನಿಂತ ಗುಡ್ಡದ ಕಡೆಗೆ ತಿರುಗಿ, ಯಾರಾದರೂ ನೋಡುತ್ತಿದ್ದಾರೋ ಎಂದು ನಾಚುತ್ತಲೇ ಒಮ್ಮೆ ಕೈ ಬೀಸುತ್ತಿದ್ದಳು. ರಾತ್ರಿ ಪದ್ದು, "ಕಂಡೆ ಹೆಣೆ. ಕೈ ಬೀಸ್ದೆ ಅಲ್ದಾ? ಎಡಗೈ" ಎನ್ನುತ್ತಿದ್ದ. ಅವಳು ಬೀಸಿದ್ದು ಬಲಗೈಯಾಗಿದ್ದರೆ, "ಅಲ್ಲಿಂದ ಕಂಡ್ರೆ ತಿರ್ಗಾಮುರ್ಗಾ ಕಾಣತ್ತ್" ಎಂದು ವಿವರಿಸುತ್ತಿದ್ದ.

ಶ್ರೀಲತಾಳಿಗೆ ಇದ್ದ ಆಸೆ ಒಂದೇ. ಒಂದು ಸಲ ತಾನೂ ಅಲ್ಲಿ ನಿಂತು ತನ್ನ ಮನೆ ನೋಡಬೇಕು.

ಮೊದಮೊದಲು ಮಳೆ, ಆಮೇಲೆ ಜಾರಿಕೆ, ಆಮೇಲೆ ಜಿಗಣೆ ಎಂದು ಪದ್ದು ಕಾಲ ತಳ್ಳಿದ. ಕಾರಣಗಳು ಮುಗಿಯುತ್ತ ಬಂದು ಅವನು ಕಂಗಾಲಾಗಿದ್ದ ಹೊತ್ತಿಗೆ ಸರಿಯಾಗಿ ಪೆಟ್ರೋಲ್ ನೂರು ದಾಟಿತು. ಅಂದು ಊರಿಡೀ ಬೊಬ್ಬೆ ಹೊಡೆಯಿತು. ಚಂದಯ್ಯ ಚಾಕ್ಕೆ ಎರಡು ರೂಪಾಯಿ ಏರಿಸಿದ, ಅವನ ಒಲೆ ಉರಿಯುವುದು ಸೌದೆಯಲ್ಲಿ. ಇಡೀ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಆ ದಿನ ಸಂತೋಷಪಟ್ಟ ಮನುಷ್ಯ ಪದ್ದು ಒಬ್ಬನೇ.

"ಪೆಟ್ರೋಲ್ ಒಂಚೂರ್ ಇಳೀಲಿ, ಹೋಪ" ಎಂದ. ಅದು ಇಳಿಯುವ ಪೈಕಿಯಲ್ಲ ಎಂಬ ಧೈರ್ಯ ಅವನಿಗಿತ್ತು.

ಚಾರಣದವರ ಪಾಡು ಆಮೇಲೆ ನಾಯಿಪಾಡಾಯಿತು. ಎರಡು ಮೈಲು ನಡೆಯುವುದಕ್ಕೆ ಐವತ್ತು ಮೈಲು ಗಾಡಿಯಲ್ಲಿ ಕೂತು ಹೋಗುವ ವ್ರತ ಅದು. ನಡಿಗೆ ಪುಕ್ಕಟೆ, ಕೂರುವುದಕ್ಕೇ ಖರ್ಚು. ಕೋಟದ ಗೌರೀಶನದ್ದೊಂದು ಬಳಗವಿತ್ತು. ದೇವಸ್ಥಾನದ ಕೆಲಸ ಮುಗಿಸಿ ತಿಂಗಳಿಗೊಂದು ಗುಡ್ಡ ಹತ್ತುವ ಹುಡುಗರು. ಮೊದಲು ಆರು ಬೈಕಿನಲ್ಲಿ ಹೋಗುತ್ತಿದ್ದವರು ಮೂರಕ್ಕೆ ಇಳಿದರು, ಮೂರರಿಂದ ಒಂದಕ್ಕೆ. ಕೊನೆಗೆ ಮನೆಯಲ್ಲೇ ಕೂತು ಒಬ್ಬರಿಗೊಬ್ಬರು ಹಳೆಯ ಫೋಟೊ ಕಳಿಸಿ 'ಸೂಪರ್' ಎಂದು ಬರೆದುಕೊಳ್ಳುವ ಹಂತ ಮುಟ್ಟಿದರು. ಅರ್ಧ ಲೀಟರಿನ ಸುದ್ದಿ ಕಿವಿಗೆ ಬಿದ್ದದ್ದೇ ಗೌರೀಶ ಬಸ್ಸು ಹಿಡಿದು ಚಂದಯ್ಯನ ಅಂಗಡಿಗೆ ಬಂದ.

"ಪದ್ದಣ್ಣ, ಅದ್ ಹ್ಯಾಂಗೆ ಅಂತ ಒಂಚೂರ್ ಹೇಳಿ."

"ಸುಲಭ ಮಾರಾಯ. ಇಳುಕಲಲ್ ಇಂಜಿನ್ ಆಫ್. ಏರಲ್ ಉಸಿರ್ ಬಿಗಿ ಹಿಡಿ, ಮೈ ಹಗುರ ಆತ್ತ್. ಗಾಳಿ ಹಿಂದಿಂದ ಬಂದ್ರೆ ಅಂಗಿ ಗುಂಡಿ ಬಿಚ್ಚು. ದೋಣಿಗೆ ಪಟ ಕಟ್ಟಿದಾಂಗೆ."

"ಒಂದ್ ಸಲ ನಮ್ ಸಂಗ್ತಿಗೆ ಬನ್ನಿ. ಪೆಟ್ರೋಲ್ ನಮ್ದ್."

"ನಾ ಬಂದ್ರೆ ನಿಮ್ಗೆ ಕೊಡಚಾದ್ರಿ ಕಾಂತಿಲ್ಲೆ" ಎಂದ ಪದ್ದು ಗಂಭೀರವಾಗಿ. "ಎಲ್ರೂ ನನ್ನೇ ಕಾಂಬುದ್."

ಚಾದಂಗಡಿಗೆ ಹೆದರದವನು ಮನೆಯಲ್ಲಿ ಸಿಕ್ಕಿಬಿದ್ದ. ಶ್ರೀಲತಾ ಬಂಗುಡೆ ಕೊಯ್ಯುತ್ತ ಕೂತಿದ್ದವಳು ತಲೆಯೆತ್ತದೆ ಕೇಳಿದಳು: "ಹ್ವಾಯ್, ನಿಮ್ಗೆ ಅರ್ಧ ಲೀಟರ್ ಸಾಕಂಬ್ರಿ. ಮತ್ತೆ ಪೆಟ್ರೋಲ್ ಏರಿರೆ ನಿಮ್ಗೆ ಎಂತ ಕಷ್ಟ?"

ಹದಿನೆಂಟು ಸಲ ಹೇಳಿದ ಕಥೆಯಲ್ಲಿ ಇಷ್ಟು ದೊಡ್ಡ ತೂತು ಇದ್ದದ್ದು ಪದ್ದುವಿಗೆ ಅಂದೇ ಗೊತ್ತಾದದ್ದು. "ಅದ್ ಒಬ್ನಿಗೆ" ಎಂದ. "ನೀ ಕೂತ್ರೆ ಮೂರ್ ಲೀಟರ್ ಬೇಕ್."

ಶ್ರೀಲತಾ ಒಂದು ಬಂಗುಡೆಯ ತಲೆಯನ್ನು ಅಗತ್ಯಕ್ಕಿಂತ ಜೋರಾಗಿ ಕೊಯ್ದಳು. ಕೈ ತೊಳೆದಳು. ತಮ್ಮ ಸೂರನಿಗೆ ಫೋನ್ ಮಾಡಿದಳು.

ಸೂರ ಮೀನಿನ ಟೆಂಪೊ ಓಡಿಸುತ್ತಾನೆ. ಭಾನುವಾರ ಬೆಳಿಗ್ಗೆ ಮೀನು ತುಂಬಿಸಿಕೊಂಡು ಹೆಮ್ಮಾಡಿ, ವಂಡ್ಸೆ, ಹಾಲ್ಕಲ್, ಕೊಲ್ಲೂರು ದಾಟಿ ಘಾಟಿ ಹತ್ತಿ ನಿಟ್ಟೂರಿಗೆ ಹೋಗುವುದು, ಸಂಜೆ ಖಾಲಿ ಪೆಟ್ಟಿಗೆ ಹೇರಿಕೊಂಡು ಇಳಿಯುವುದು. ಕೊಡಚಾದ್ರಿಗೆ ಹತ್ತುವ ದಾರಿ ಅವನ ದಾರಿಯ ಬದಿಯಲ್ಲೇ. ಶನಿವಾರ ಮನೆಗೆ ಬಂದವನು ಜಗಲಿಯಲ್ಲಿ ಕೂತು ಹೇಳಿದ:

"ಬಾವ, ಡೀಸೆಲ್ ಹ್ಯಾಂಗೂ ಮೀನಿನ ಸಾವ್ಕಾರ್ದ್. ಮೀನಿನ್ ಒಟ್ಟಿಗೆ ನೀವಿಬ್ರ್ ಕೂತ್ರೆ ಅವ್ರಿಗ್ ಗೊತ್ತೂ ಆತಿಲ್ಲೆ. ಬೆಳಿಗ್ಗೆ ಬುಡದಂಗೆ ಇಳ್ಸಿ ಹೋತೆ, ಸಂಜೆ ಹತ್ಸ್ಕಂಡ್ ಬತ್ತೆ. ನಡೂಕೆ ಪೆಟ್ರೋಲ್ ಬ್ಯಾಡ ಅಲ್ದಾ?"

ಪದ್ದುವಿನ ಮುಖ ಐಸಿನಲ್ಲಿಟ್ಟ ಮೀನಿನ ಹಾಗಾಯಿತು. ಮೊಣಕಾಲು ನೋವೆಂದ. ಶ್ರೀಲತಾ ಎಣ್ಣೆ ತಂದಳು. ಗುಡ್ಡದಲ್ಲಿ ಚಿರತೆ ಇದೆಯೆಂದ. "ಅದ್ ನಿಮ್ ಗುರ್ತದ್ದೇ ಅಲ್ದಾ?" ಎಂದಳು. ಆ ರಾತ್ರಿ ಪದ್ದು ಜೀವಮಾನದಲ್ಲಿ ಮೊದಲ ಬಾರಿಗೆ ಪೆಟ್ರೋಲ್ ಬೆಲೆಯ ಮೇಲಿನ ನಂಬಿಕೆ ಕಳೆದುಕೊಂಡ. ಹತ್ತಿದ ಮೇಲೆ ಇಳಿಯದ ಬೆಲೆಯೂ ಕೈಕೊಡುತ್ತದೆ ಎಂದರೆ ಮನುಷ್ಯ ಯಾವುದನ್ನು ನಂಬಬೇಕು?

ಬೆಳಗಿನ ಜಾವ ಹೊರಡುವಾಗ ಶ್ರೀಲತಾ ಒಂದು ಕೆಲಸ ಮಾಡಿದಳು. ಪೆಟ್ಟಿಗೆಯಿಂದ ಕೆಂಪು ಸೀರೆ ತೆಗೆದು, ಕೊಡವಿ, ಅಂಗಳದ ಹಗ್ಗದ ಮೇಲೆ ಉದ್ದಕ್ಕೆ ಹರಡಿ, ಗಾಳಿಗೆ ಹಾರದ ಹಾಗೆ ನಾಲ್ಕು ಕ್ಲಿಪ್ ಸಿಕ್ಕಿಸಿದಳು.

"ಇವತ್ತ್ ನಾನ್ ಅಲ್ಲಿಂದ ಕಾಂತೆ" ಎಂದಳು.

ಪದ್ದುವಿಗೆ ಆ ನಾಲ್ಕು ಕ್ಲಿಪ್ಪುಗಳು ತನ್ನ ಕಿವಿಗೆ ಹಾಕಿದ ಹಾಗಾಯಿತು.

ಅದೂ ಸಾಲದೆಂದು ಟೆಂಪೊದ ಮುಂದಿನ ಸೀಟಿನಲ್ಲಿ ಗುಲಾಬಿ ಕೂತಿದ್ದಳು. ಹಾಲ್ಕಲ್ಲಿನ ಮರದ ಬುಡದಲ್ಲಿ ಮೀನು ಮಾರುವ ಗುಲಾಬಿ, ಬಾಯಿ ತುಂಬ ಎಲೆಯಡಿಕೆ. ಅವಳನ್ನು ಕಂಡದ್ದೇ ಪದ್ದು, "ನಾ ಹಿಂದೆ ಕೂಕಂತೆ, ಗಾಳಿ ಬತ್ತ್" ಎಂದು ಮೀನಿನ ಪೆಟ್ಟಿಗೆಗಳ ನಡುವೆ ನುಸುಳಿದ. ಗುಲಾಬಿ ತಿರುಗಿ ನೋಡಿ ನಕ್ಕಳು. ಏನೂ ಹೇಳಲಿಲ್ಲ, ಬಾಯಲ್ಲಿ ಎಲೆಯಡಿಕೆಯಿತ್ತು.

ಎಲೆಯಡಿಕೆ ಹಾಲ್ಕಲ್ಲಿನ ತನಕ ಮುಗಿಯದಿರಲಿ ಎಂದು ಪದ್ದು ಮರವಂತೆಯ ವರಾಹಸ್ವಾಮಿಗೆ ಒಂದು, ಹೆಮ್ಮಾಡಿ ದಾಟುವಾಗ ಇನ್ನೊಂದು ತೆಂಗಿನಕಾಯಿ ಹರಕೆ ಹೇಳಿಕೊಂಡ. ಐಸಿನ ನೀರು ಸೋರಿ ಅವನ ಪ್ಯಾಂಟು ನೆನೆಯಿತು. ವಂಡ್ಸೆ ದಾಟುವಾಗ ಹಿಂದಿನಿಂದಲೇ ಕೂಗಿ ಹೇಳಿದ, ಬಲಕ್ಕೆ ಕಾಣುವ ಗುಡ್ಡವನ್ನು ತಾನು ಮಂಡಿಯಲ್ಲಿ ಹತ್ತಿದ್ದೇನೆಂದು. ಮುಂದಿನಿಂದ ಸೂರ ಹಾರ್ನ್ ಹೊಡೆದ.

ಹಾಲ್ಕಲ್ಲಿನಲ್ಲಿ ಟೆಂಪೊ ನಿಂತಿತು. ಗುಲಾಬಿ ಇಳಿದಳು. ರಸ್ತೆ ಬದಿಗೆ ಎಲೆಯಡಿಕೆ ಉಗುಳಿ, ಬಾಯಿ ಒರೆಸಿಕೊಂಡು, ತನ್ನ ಪೆಟ್ಟಿಗೆ ಇಳಿಸಿಕೊಳ್ಳಲು ಹಿಂದಕ್ಕೆ ಬಂದವಳು ಪದ್ದುವನ್ನು ಕಂಡು ಸಹಜವಾಗಿ ಹೇಳಿದಳು:

"ಎಂತ ಪದ್ದು, ಕೂಕಂಡೇ ಇದ್ದೆ? ನಿನ್ ಕೊಡಚಾದ್ರಿ ಬಂತಲ್ದಾ, ಇಳಿ."

ಸೂರ ಇಂಜಿನ್ ಆಫ್ ಮಾಡಿದ. ಡೀಸೆಲ್ ಉಳಿಸುವುದಕ್ಕಲ್ಲ, ಸರಿಯಾಗಿ ಕೇಳಿಸಲಿ ಎಂದು.

ಶ್ರೀಲತಾ ಮುಂದಿನಿಂದ ಇಳಿದು ಬಂದಳು. "ಎಂತ ಗುಲಾಬಕ್ಕ?"

"ಎಂತ ಇಲ್ಲೆ ಮಗಾ. ನಿನ್ ಗಂಡ ಕೊಡಚಾದ್ರಿ ಅಂದ್ಹೇಳಿ ಹೊರ್ಟ್ರೆ ಇಲ್ಲೇ ಬಪ್ಪುದ್. ನನ್ ಬುಟ್ಟಿ ಹತ್ರ ಕೂಕಂಡ್ ಸಾಯಂಕಾಲದ ತನಕ ಕಥೆ ಹೇಳುದ್. ಚಲೋ ಕಥೆ. ಜನ ನಿಲ್ತ್ರ್, ಮೀನೂ ಖರ್ಚಾತ್ತ್." ಆಮೇಲೆ ಅವಳಿಗೇ ಏನೋ ಹೊಳೆದು, "ಮನೆಯಂಗ್ ಹೇಳ್ಲಿಲ್ಯಾ?" ಎಂದಳು.

ಪದ್ದು ಬಾಯಿ ತೆರೆದ. ಬಾಯಿ ತೆರೆದರೆ ತಾನಾಗಿ ಒಂದು ಕಥೆ ಬರುವುದು ಅವನಿಗೆ ಹುಟ್ಟುಗುಣ. ಚಿರತೆ ಬರಬೇಕಿತ್ತು, ಬಿರುಗಾಳಿಯಾದರೂ ಬರಬೇಕಿತ್ತು. ಅಂದು ಬರೀ ಉಸಿರು ಬಂತು.

ಶ್ರೀಲತಾ ಬೈಯಲಿಲ್ಲ. ಬೈದಿದ್ದರೆ ಅವನು ಉಳಿಯುತ್ತಿದ್ದ. "ಸೀರೆ ಕಂಡದ್ದ್?" ಎಂದು ಕೇಳಿದಳು, ಅಷ್ಟೆ.

ಪದ್ದು ಪೆಟ್ಟಿಗೆಗಳ ನಡುವಿನಿಂದ ಇಳಿದ. ಹಾಲ್ಕಲ್ಲಿನ ಮಣ್ಣನ್ನು ನೋಡುತ್ತ ಹೇಳಿದ:

"ಮೊದ್ಲ್ ಸಲ ಖರೇ ಹೊರ್ಟದ್ದೇ ಹೆಣೆ. ಪೆಟ್ರೋಲ್ ರೇಟ್ ಕಂಡ್ ಮನಸ್ ಬಂದಿಲ್ಲೆ, ಅರ್ಧ ಲೀಟರ್ ಹಾಕ್ಸ್ದೆ. ಇಲ್ಲಿಗ್ ಬಪ್ಪತಿಗೆ ಬೈಕ್ ನಿಂತ್ ಹೋಯ್ತ್. ಗುಡ್ಡ ಕಾಣ್ತಿತ್ತ್, ಪೆಟ್ರೋಲ್ ಇಲ್ಲೆ. ಸಂಜೆ ತನಕ ಗುಲಾಬಕ್ಕನ ಹತ್ರ ಕೂತೆ. ಮತ್ತೆ ಯಾರದ್ದೋ ಮೀನಿನ ಖಾಲಿ ಗಾಡಿ ಬಂತ್, ಬೈಕ್ ಅದ್ರಂಗೆ ಹಾಕಿ ಹೆಮ್ಮಾಡಿಗ್ ತಂದ್ರ್. ಪಾಪ ಅಂದ್ಹೇಳಿ ಒಂದ್ ಬಾಟ್ಲಿ ಪೆಟ್ರೋಲೂ ಕೊಟ್ರ್. ಅದ್ರಲ್ ಮುಕ್ಕಾಲ್ ಉಳೀತ್."

"ಆ ದಿವ್ಸ ನಿಮ್ ಅಂಗಿ ಬಂಗುಡೆ ವಾಸ್ನೆ" ಎಂದಳು ಶ್ರೀಲತಾ ನಿಧಾನವಾಗಿ. "ನಾ ಕೇಂಡ್ರೆ, ತುದಿಯಂಗ್ ಸಮುದ್ರದ ಗಾಳಿ ಅಂದ್ರಿ."

"ಹ್ಞಾ."

"ಮತ್ತಿನ್ ಸಲ ಪೆಟ್ರೋಲ್ ಹಾಕ್ಸ್ಕಂಡ್ ಹೋಪ್ಕಾಯ್ತಿಲ್ಯಾ?"

"ಹೆದ್ರಿಕೆ" ಎಂದ ಪದ್ದು. ಹದಿನೆಂಟು ಸಲ ಸೂರ್ಯನನ್ನು ಸಮುದ್ರಕ್ಕೆ ಇಳಿಸಿದ ಆ ಧ್ವನಿ ಈಗ ಗುಲಾಬಿಯ ಬುಟ್ಟಿಯೊಳಗೆ ಹಿಡಿಯುವಷ್ಟಾಗಿತ್ತು. "ಎತ್ತರ ಅಂದ್ರೆ ನಂಗ್ ಆತಿಲ್ಲೆ. ದೋಣಿ ಆದ್ರೆ ಅಲ್ಲಾಡತ್ತ್, ಹಿಡ್ಕಂಬ್ಲಕ್ಕ್. ಗುಡ್ಡ ಅಲ್ಲಾಡುದೇ ಇಲ್ಲೆ. ಕಂಡ್ರೇ ಕಾಲ್ ನಡುಗತ್ತ್. ನೀ ಅಷ್ಟ್ ಸಲ ಸೀರೆ ಹಾಕಿದ್ದೆ ಅಂದ್ಹೇಳಿ ಮತ್ತೆ ಖರೇ ಹೇಳುಕ್ ಬಾಯಿ ಬಂದಿಲ್ಲೆ."

ಗುಲಾಬಿ ಮೀನಿಗೆ ಐಸು ಹಾಕುವ ನೆಪದಲ್ಲಿ ಆಚೆ ತಿರುಗಿದಳು. ಸೂರ ಸ್ಟೇರಿಂಗ್ ಮೇಲೆ ಹಣೆಯಿಟ್ಟು ಭುಜ ಕುಲುಕಿಸುತ್ತಿದ್ದ.

ಶ್ರೀಲತಾ ಪೂರ್ವಕ್ಕೆ ನೋಡಿದಳು. ಇಷ್ಟು ಹತ್ತಿರದಿಂದ ಅವಳು ಆ ಗುಡ್ಡವನ್ನು ನೋಡಿದ್ದು ಅದೇ ಮೊದಲು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಏಣಿ ಹತ್ತುವ ಮೊದಲು ಸಿಕ್ಕಿಸುವ ಹಾಗೆ.

"ಸೂರ, ಗಾಡಿ ಬಿಡು. ನಾ ಹತ್ತೂಕೆ ಬಂದದ್ದ್, ಹತ್ತತೆ." ಗಂಡನ ಕಡೆಗೆ ತಿರುಗಿದಳು. "ನೀವ್ ಮುಂದೆ ಕೂಕಣಿ. ಗುಲಾಬಕ್ಕನ ಜಾಗ ಖಾಲಿ ಇತ್ತ್. ಕಾಲ್ ನಡುಗಿರೆ ನನ್ ಸೆರಗ್ ಹಿಡ್ಕಣಿ, ಅದ್ ಅಲ್ಲಾಡತ್ತ್."

ಟೆಂಪೊ ಹೊರಟಿತು. ಕೊಲ್ಲೂರು ದಾಟಿತು. ಘಾಟಿಯ ಮೊದಲ ತಿರುವಿನಲ್ಲಿ ಪದ್ದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಯಾರೂ ಕೇಳದೆಯೇ ಬಾಯಿಬಿಟ್ಟ:

"ಹೆಣೆ, ಇನ್ನೊಂದ್ ಹೇಳ್ಕ್. ಹದಿನೆಂಟ್ ಸಲ ಅಂದದ್ದಲ್ದಾ, ಈ ಹಾಲ್ಕಲ್ಲಿಗೂ ಅಷ್ಟ್ ಸಲ ಬಂದಿಲ್ಲೆ. ಬಂದದ್ದ್ ಐದೇ ಸಲ. ಉಳ್ದ್ ದಿವ್ಸ ಚಂದಯ್ಯನ ಅಂಗಡಿ ಹಿಂದೆ, ತೆಂಗಿನ ಮಡ್ಲಿನ ನೆಳ್ಳಂಗ್ ಮಲ್ಕಂಡಿದ್ದೆ."

"ನಮ್ ಚಂದಯ್ಯನ ಅಂಗಡಿ?"

"ಹ್ಞಾ."

"ಅಲ್ಲಿಂದ ನಮ್ ಅಂಗಳ ಕಾಣತ್ತ್" ಎಂದಳು ಶ್ರೀಲತಾ.

"ಕಾಣತ್ತ್" ಎಂದ ಪದ್ದು, ಕಣ್ಣು ತೆರೆಯದೆ. "ಸೀರೆ ಕಂಡದ್ದ್ ಸುಳ್ಳಲ್ಲ. ಆ ದಿವ್ಸ ಎಲ್ಲ ಕಂಡಿದ್ದೆ. ನೀ ಕೈ ಬೀಸುದೂ. ಒಂದ್ ಸಲ ನಾನೂ ಬೀಸಿದ್ದೆ, ನೀ ಗುಡ್ಡದ್ ಬದಿ ಕಾಂತಾ ಇದ್ದೆ."