ಒಳಗೆ ಮಡಚಿಟ್ಟ ಬಟ್ಟೆ

ನನ್ನ ಗಂಡ ದರ್ಜಿ. ಯಾರ ಸೊಂಟದ ಅಳತೆಯನ್ನೂ ಇದ್ದದ್ದು ಇದ್ದ ಹಾಗೆ ಹೇಳಿದವರಲ್ಲ. ಟೇಪು ನಲವತ್ತು ತೋರಿಸಿದರೆ ಬಾಯಲ್ಲಿ ಮೂವತ್ತೇಳು ಅನ್ನುತ್ತಾರೆ, ಹೊಲಿಯುವುದು ಮಾತ್ರ ನಲವತ್ತಕ್ಕೇ. ಬಂದವರು ಕನ್ನಡಿ ಮುಂದೆ ನಿಂತು, ನಾನೇನೂ ಅಷ್ಟು ದಪ್ಪ ಆಗಿಲ್ಲ ಎಂದು ಹಿಗ್ಗುತ್ತಾ ಹೋಗುತ್ತಾರೆ. ಪಕ್ಕದಲ್ಲಿ ಗುಂಡಿ ಹಾಕುತ್ತ ಕೂತ ನಾನು ನಗು ನುಂಗಿಕೊಳ್ಳುತ್ತಿದ್ದೆ. ಈ ಅಂಗಡಿ ನಡೆಯುವುದು ಅರ್ಧ ಸೂಜಿಯಿಂದ, ಅರ್ಧ ಸುಳ್ಳಿನಿಂದ ಎಂದು ಗಂಡನನ್ನು ಛೇಡಿಸುತ್ತಿದ್ದೆ.

ಹೋದ ವರ್ಷ ನನಗೆ ಹೊಟ್ಟೆ ಉಬ್ಬರ ಶುರುವಾಯಿತು. ಎರಡು ತುತ್ತು ಒಳಗೆ ಹೋದರೆ ಸಾಕು, ಹೊಟ್ಟೆ ನಗಾರಿ. "ಗ್ಯಾಸು ಕಣೇ" ಎಂದರು ಇವರು. ಆಸ್ಪತ್ರೆಯೆಂದರೆ ನನಗೆ ಮೊದಲೇ ಭಯ. ಅಲ್ಲಿಗೆ ಹೋದ ಅಮ್ಮ ವಾಪಸ್ಸು ಬರಲಿಲ್ಲ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದುಕೊಂಡು ಹಿಂದಿನ ಬೀದಿಯ ಆಯುರ್ವೇದ ಪಂಡಿತರ ಹತ್ತಿರ ಹೋದೆವು. ಅವರು ಶುಂಠಿ, ಇಂಗು, ಓಂಕಾಳು ಅರೆದು ಕಟ್ಟಿದ ಗುಳಿಗೆ ಕೊಟ್ಟರು. ಊಟವಾದ ಮೇಲೆ ಎರಡು, ಬಿಸಿನೀರಿನ ಜೊತೆ. ಪಂಡಿತರು ನೇರ ಮನುಷ್ಯ. ಹೊರಡುವಾಗ ಬಾಗಿಲ ತನಕ ಬಂದರು.

"ನೋಡಿ ತಾಯಿ, ಈ ಡಬ್ಬಿ ಮುಗಿಯೋದ್ರೊಳಗೆ ಮೈಮೇಲಿನ ಬಟ್ಟೆ ಸಡಿಲ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಮತ್ತೆ ನನ್ನ ಹತ್ರ ಬರ್ಬೇಡಿ. ಸೀದಾ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡ್ಸಿ."

ಇವರೇ ಹೊಲಿದುಕೊಟ್ಟ ಬೂದುಬಣ್ಣದ ನಿಲುವಂಗಿ ಒಂದಿತ್ತು. ಅದನ್ನೇ ಹಾಕಿ ನೋಡುತ್ತಿದ್ದೆ. ಗುಳಿಗೆ ಶುರು ಮಾಡಿ ವಾರವಾಗಿತ್ತೇನೋ, ಅದು ಹೊಟ್ಟೆಯ ಹತ್ತಿರ ಸಿಕ್ಕಿಕೊಂಡು ಕೆಳಗಿಳಿಯಲೇ ಇಲ್ಲ. ಕನ್ನಡಿ ಮುಂದೆ ಇಂಗು ತಿಂದ ಮಂಗನ ಹಾಗೆ ನಿಂತೆ. ಇಂಗನ್ನಂತೂ ನಿಜವಾಗಿಯೇ ತಿಂದಿದ್ದೆ. ಇವರು ನಕ್ಕರು. ನಾನು ಅತ್ತುಬಿಟ್ಟೆ.

ಡಬ್ಬಿಯ ತಳ ಕಾಣುವ ಹೊತ್ತಿಗೆ ನಿಲುವಂಗಿ ಸಲೀಸಾಗಿ ಇಳಿಯಿತು.

"ನೋಡ್ರೀ, ಇಲ್ಲಿ ಬೆರಳು ಹೋಗುತ್ತೆ."

"ನಾನ್ ಹೇಳ್ಲಿಲ್ವಾ" ಎಂದರು, ಮೆಷಿನ್ನಿನಿಂದ ತಲೆಯೆತ್ತದೆ.

ಪಂಡಿತರಿಗೂ ತೋರಿಸಿ ಬಂದೆ. ಅವರು ಸಂತೋಷಪಟ್ಟು ಇನ್ನೊಂದು ಡಬ್ಬಿ ಕೊಟ್ಟರು. ಅದು ಮುಗಿದ ಮೇಲೆ ಮತ್ತೊಂದು. ಮುಖ ಒಣಗುತ್ತಿತ್ತು, ಊಟ ಸೇರುತ್ತಿರಲಿಲ್ಲ. ಆದರೂ ಬಟ್ಟೆ ಸಡಿಲವಿದೆಯಲ್ಲ ಎಂದು ಅದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಒಂದು ಮಧ್ಯಾಹ್ನ ಇಸ್ತ್ರಿ ಮಾಡಲೆಂದು ನಿಲುವಂಗಿಯ ಒಳಮಗ್ಗುಲು ತಿರುಗಿಸಿದೆ. ಪಕ್ಕದ ಹೊಲಿಗೆಯ ಒಳಗೆ ದರ್ಜಿಗಳು ಒಂದಿಷ್ಟು ಬಟ್ಟೆ ಮಡಚಿ ಉಳಿಸಿರುತ್ತಾರೆ, ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಲಿ ಎಂದು. ಅದಕ್ಕೆ ಮಾರ್ಜಿನ್ ಅನ್ನುತ್ತಾರೆ. ನನ್ನ ನಿಲುವಂಗಿಯಲ್ಲಿ ಅದು ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಬಿಚ್ಚಿದ ಹೊಲಿಗೆಯ ಸೂಜಿತೂತುಗಳು ಸಾಲಾಗಿ ಕಂಡವು. ಒಂದು ಸಾಲಲ್ಲ, ಮೂರು, ಡಬ್ಬಿಗೊಂದರಂತೆ. ದರ್ಜಿಯ ಹೆಂಡತಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಇದು ಯಾರ ಕೈಕೆಲಸ ರೀ?"

ಇವರು ಮೆಷಿನ್ ನಿಲ್ಲಿಸಿದರು. "ಅವತ್ತು ನೀನು ಅಳ್ತಿದ್ದೆ. ನೋಡೋಕಾಗ್ದೆ ಹೊಲಿಗೆ ಬಿಚ್ಚಿ ಸಡಿಲ ಮಾಡ್ದೆ. ಮನಸ್ಸು ಹಗುರ ಆದ್ರೆ ಹೊಟ್ಟೆನೂ ಇಳಿಯುತ್ತೆ ಅಂದ್ಕೊಂಡೆ."

"ನಾನು ನಿಮ್ಮ ಗಿರಾಕಿ ಅಲ್ಲ ಕಣ್ರೀ."

ಅಷ್ಟು ಕೋಪ ನನಗೆ ಅವರ ಮೇಲೆ ಯಾವತ್ತೂ ಬಂದಿರಲಿಲ್ಲ. ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ನಾಳೆಯೇ ಆಸ್ಪತ್ರೆಗೆ ಹೋಗೋಣ ಎಂದೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಇದು ಗ್ಯಾಸ್ ಅಲ್ಲಮ್ಮ, ಹೊಟ್ಟೆ ತುಂಬ ನೀರು. ಅಂಡಾಶಯದಲ್ಲಿ ಶುರುವಾಗಿರೋ ಕ್ಯಾನ್ಸರ್, ಈಗ ಲಿವರ್‌ಗೂ ಹೋಗಿದೆ. ಸ್ವಲ್ಪ ಮುಂಚೆ ಬಂದಿದ್ರೆ ಏನಾದ್ರೂ ಮಾಡ್ಬಹುದಿತ್ತು. ಬಟ್ಟೆ ಬಿಗಿಯಾಗಿದ್ದು ಗೊತ್ತಾಗ್ಲಿಲ್ವಾ?"

ಕೊರಳಲ್ಲಿ ಮರೆತು ಹಾಕಿಕೊಂಡು ಬಂದಿದ್ದ ಟೇಪನ್ನು ಇವರು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. "ಇಲ್ಲ ಡಾಕ್ಟ್ರೇ, ಗೊತ್ತಾಗ್ಲಿಲ್ಲ" ಎಂದು ನಾನೇ ಹೇಳಿದೆ. ನಿಜ ಹೇಳಿ ಏನು ಬರಬೇಕಿತ್ತು? ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಈಗಲೂ ಊಟದ ಹೊತ್ತಿಗೆ ಇವರು ಬಿಸಿನೀರು ತಂದಿಡುತ್ತಾರೆ. ನಾನು ಗುಳಿಗೆ ನುಂಗುತ್ತೇನೆ. ಗುಳಿಗೆಯ ಮೇಲೆ ನನಗೆ ಸಿಟ್ಟಿಲ್ಲ. ಒಂದು ತೇಗು ಬಂದರೆ ಒಂದು ಗಳಿಗೆ ಹಗುರ. ಇವರ ಮೇಲಿನ ಸಿಟ್ಟು ಹೋಗಿದೆ ಅಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ಸುಳ್ಳು ಈಗಾಗಲೇ ಸಾಕಷ್ಟಿದೆ.

ನಿಲುವಂಗಿ ಈಗ ಮೈಗೆ ಇಳಿಯುವುದಿಲ್ಲ, ಬಿಚ್ಚಲು ಬಟ್ಟೆಯೂ ಉಳಿದಿಲ್ಲ. ನಿನ್ನೆ ಹೊಸದು ಹೊಲಿಯಲು ಅಳತೆ ತೆಗೆದರು.

"ಜೋರಾಗಿ ಹೇಳಿ, ಟೇಪಲ್ಲಿ ಇರೋದನ್ನೇ" ಎಂದೆ.

"ನಲವತ್ನಾಲ್ಕು" ಎಂದರು. ಟೇಪಿನಲ್ಲೂ ಅಷ್ಟೇ ಇತ್ತು. ಆಮೇಲೆ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಬಗ್ಗಿ, ಬಂದವರನ್ನೆಲ್ಲ ಕೇಳುವ ಹಾಗೆ ಕೇಳಿದರು: "ಮಾರ್ಜಿನ್ ಎಷ್ಟು ಬಿಡ್ಲಿ?"

ಕೇಳಿದ ಮೇಲೆ ಅವರ ಕೈ ಹಾಗೇ ನಿಂತಿತು.

"ಬೇಡ ರೀ" ಎಂದೆ. "ಇದಕ್ಕೆ ಬಿಡ್ಬೇಡಿ."